ನಾಲ್ಕನೆಯ ಮೆಟ್ಟಿಲು

ತನ್ನ ಗಂಟಲು ಕಲ್ಲಿನಂತಿದೆ ಎಂದು ಯಂತ್ರವೊಂದು ತೋರಿಸಿಕೊಟ್ಟಾಗ ಶಶಿಕಲಾ ಹೆಬ್ಬಳ್ಳಿಗೆ ಬೇಸರವೇನೂ ಆಗಲಿಲ್ಲ. ಒಳಗೊಳಗೇ ಒಂದಿಷ್ಟು ಹೆಮ್ಮೆಯೇ ಆಯಿತು. ಅರ್ಧ ಆಯುಷ್ಯ ಕಥೆ ಬರೆದವಳು ಬೇರೆಯವರ ಕಥೆಗೆ ಮರುಳಾಗುವುದೆಂದರೆ, ಪೇಢೆ ಅಂಗಡಿಯವನು ಪಕ್ಕದ ಅಂಗಡಿಯ ಪೇಢೆ ತಿಂದು ಬಾಯಿ ಚಪ್ಪರಿಸಿದ ಹಾಗೆ.

ಯಂತ್ರದ ಹೆಸರು 'ಆಲಿಕೆ'. ಧಾರವಾಡದ ಹೊರಗೆ, ಮುಚ್ಚಿಹೋಗಿದ್ದ ಹೆಂಚಿನ ಕಾರ್ಖಾನೆಯೊಂದನ್ನು ಸುಣ್ಣ ಬಣ್ಣ ಬಳಿದು ಪ್ರಯೋಗಾಲಯ ಮಾಡಿಕೊಂಡಿದ್ದರು. ಅದು ಹುಟ್ಟಿದ್ದು ಅಲ್ಲಿ. ಹುಟ್ಟಿಸಿದವರು ಡಾಕ್ಟರ್ ವಾಮನ ಮಳಗಿ. ಉದ್ದ ಕಾಲಿನ, ಸಣ್ಣ ತಲೆಯ, ಮಾತಿನ ನಡುವೆ ತನ್ನ ಮಾತಿಗೆ ತಾನೇ ನಗುವ ಮನುಷ್ಯ. ಕಥೆ ಕೇಳುವವರು 'ಹೂಂ' ಅನ್ನುವುದಕ್ಕೆ ಒಂದು ಚೂರು ಮೊದಲು ಗಂಟಲಿನ ಸಣ್ಣದೊಂದು ಸ್ನಾಯು ಬಿಗಿಯುತ್ತದೆ ಎಂಬುದು ಅವರ ಶೋಧ. ಬಾಯಿಬಿಟ್ಟು ಹೂಂ ಅನ್ನದವರಲ್ಲೂ ಅದು ಬಿಗಿಯುತ್ತದೆ. ಕಥೆ ಹಿಡಿದರೆ ಬಿಗಿತ, ಬಿಟ್ಟರೆ ಸಡಿಲ; ಶಶಿಕಲಾಳ ಗಂಟಲು ಮಾತ್ರ ಅಲುಗಿರಲೇ ಇಲ್ಲ. ಕೊರಳಿಗೊಂದು ಪಟ್ಟಿ, ಕಿವಿಗೊಂದು ಗುಂಡಿ. ಪಟ್ಟಿ ಆ ಬಿಗಿತವನ್ನು ಓದುತ್ತದೆ. ಮುಂದಿನ ಮಾತು ಯಾವುದಾಗಬೇಕೆಂದು ಯಂತ್ರ ಆ ಕ್ಷಣಕ್ಕೇ ಆರಿಸಿ ಕಿವಿಯಲ್ಲಿ ಹೇಳುತ್ತದೆ. ಒಬ್ಬೊಬ್ಬರಿಗೆ ಅವರವರ ಗಂಟಲು ಕೇಳಿದ ಕಥೆ.

"ನೀವು ಹೆಪ್ಪು ಹಾಕ್ರಿ ಸಾಕು ಮೇಡಂ, ಮೊಸರು ಯಂತ್ರ ಮಾಡ್ತದ," ಎಂದು ಮಳಗಿ ಅವಳನ್ನು ಕೆಲಸಕ್ಕೆ ಕರೆದಿದ್ದರು. ಹೆಪ್ಪೆಂದರೆ ಒಂದು ಪಾತ್ರ, ಒಂದು ಜಾಗ, ಒಂದೆರಡು ವಿವರ. ಅಷ್ಟು ಕೊಟ್ಟರೆ ಮಿಕ್ಕಿದ್ದನ್ನು ಆಲಿಕೆ ಬೆಳೆಸುತ್ತಿತ್ತು.

ಕೇಳುಗರ ಕೋಣೆಯ ಬಾಗಿಲಿಗೆ ಒಂದು ಫಲಕವಿತ್ತು: 'ಕೇಳುವಾಗ ದಯವಿಟ್ಟು ಹೂಂ ಅನ್ನಬೇಡಿ.' ದನಿ ಹೊರಟರೆ ಗಂಟಲೆಲ್ಲ ನಡುಗಿ ಪರದೆಯ ಮೇಲಿನ ಗೆರೆ ಕಲಸಿಹೋಗುತ್ತಿತ್ತು. ಮೊದಲ ದಿನ ಅದನ್ನು ಓದಿ ಶಶಿಕಲಾ ನಕ್ಕಿದ್ದಳು.

"ನಮ್ಮ ಆಯಿ ಆಗಿದ್ರ ಈ ಬೋರ್ಡ್ ಕಿತ್ತು ಒಲಿಗೆ ಹಾಕತಿದ್ಲು ನೋಡ್ರಿ. ನಾವು ಹೂಂ ಅನ್ನೂದು ಬಿಟ್ರ ಆಕಿ ಕತಿ ನಿಲ್ಲಿಸಿಬಿಡಾಕಿ. ಹೂಂ ಅನಲಿಲ್ಲಂದ್ರ ಕತಿ ತಿರುಗಿ ಹೋಗೂದಿಲ್ಲ, ಮನ್ಯಾಗ ಉಳೀತೈತಿ ಅಂತಿದ್ಲು."

"ಉಳೀಲಿ ಬಿಡ್ರಿ," ಎಂದು ಮಳಗಿಯವರೂ ನಕ್ಕಿದ್ದರು. "ನಮಗೂ ಬೇಕಾಗಿದ್ದು ಅದ."

ಅವಳು ಹಾಕಿದ ಹೆಪ್ಪು ಹಣಮಂತರಾವ್. ರೈಲ್ವೆಯಿಂದ ನಿವೃತ್ತನಾದ ಗುಮಾಸ್ತ, ಮನೆಯೊಂದರ ಮಾಳಿಗೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿರುವವನು. ಬೆಳಿಗ್ಗೆ ಚಹಾಕ್ಕೆ ಇಳಿದು ಬರುತ್ತಾನೆ. ಬರುವ ಮೊದಲು ಒಮ್ಮೆ ಕೆಮ್ಮುತ್ತಾನೆ. ಇಳಿಯುವಾಗ ಕೆಳಗಿನಿಂದ ನಾಲ್ಕನೆಯ ಮೆಟ್ಟಿಲನ್ನು ತುಳಿಯುವುದಿಲ್ಲ, ದಾಟಿ ಇಳಿಯುತ್ತಾನೆ.

ಯಾಕೆ ದಾಟುತ್ತಾನೆ? ಅದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕೆಂಬ ನಿಯಮವನ್ನು ಅವಳು ಎಂದೋ ಬಿಟ್ಟಿದ್ದಳು. "ಓದುಗನಿಗೆ ಬೇಡದ ವಿವರ ಒಂದನ್ನು ಕೊಡಿ. ಅವನು ಅದಕ್ಕೆ ಕಾರಣ ಹುಡುಕುತ್ತ ಕೂರುತ್ತಾನೆ. ಅಷ್ಟರಲ್ಲಿ ನಿಮ್ಮ ಕೈ ಅವನ ಜೇಬಿನಲ್ಲಿರುತ್ತದೆ" ಎಂದು ಕಥಾ ಕಮ್ಮಟಗಳಲ್ಲಿ ಹೇಳುತ್ತಿದ್ದಳು. ಕಮ್ಮಟದ ಹುಡುಗ ಹುಡುಗಿಯರು ಅದನ್ನು ಬರೆದುಕೊಳ್ಳುತ್ತಿದ್ದರು. ಕಥೆ ಬರೆಯುವುದಕ್ಕೂ ಜೇಬು ಕತ್ತರಿಸುವುದಕ್ಕೂ ಇರುವ ವ್ಯತ್ಯಾಸವೇನೆಂದು ಯಾರೂ ಕೇಳಿರಲಿಲ್ಲ.

ಹಣಮಂತರಾವ್ ಕೈಹಿಡಿದ. ಯಂತ್ರ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ರೇಷ್ಮಾ ಮುಲ್ಲಾ ಒಂದು ದಿನ ಅವಳನ್ನು ಮೇಲಿನ ನಿಯಂತ್ರಣ ಕೋಣೆಗೆ ಕರೆದುಕೊಂಡು ಹೋಗಿ ಪರದೆ ತೋರಿಸಿದಳು. ಮನೆಮನೆಗಳಲ್ಲಿ ಪಟ್ಟಿ ಕಟ್ಟಿಕೊಂಡು ಕೂತಿದ್ದ ಕೇಳುಗರ ಗೆರೆಗಳು ಸಾಲಾಗಿ ಹರಿಯುತ್ತಿದ್ದವು. ಕೆಮ್ಮು ಬಂದಾಗ ಗೆರೆಗಳು ತಲೆಯೆತ್ತಿದವು. ನಾಲ್ಕನೆಯ ಮೆಟ್ಟಿಲು ಬಂದಾಗ ಎಲ್ಲವೂ ಒಟ್ಟಿಗೆ ನೆಟ್ಟಗೆ ನಿಂತವು.

"ಯಾಕ ದಾಟ್ತಾರ ಅಂತ ಹೇಳೇಬಿಡ್ತೈತಿ ಅನ್ನೂವಾಗ ನೋಡ್ರಿ ಮೇಡಂ, ಹೆಂಗ ಬಿಗೀತಾವು! ಸುರುವಿಗೆ ಯಂತ್ರ ತಾನ ಏನೇನರ ಕಾರಣ ಹೇಳಿ ನೋಡ್ತು. ಹೇಳಿದ ಕೂಡಲೇ ಎಲ್ಲಾ ಸಡಿಲ. ಈಗ ಶಾಣ್ಯಾ ಆಗೇತಿ. ಹತ್ರ ಒಯ್ತೈತಿ, ಹೇಳೂದಿಲ್ಲ."

"ಅಂದ್ರ ಕತಿ ಮುಗಿಯೂದಿಲ್ಲ?"

"ಮುಗಿಸಿದ್ರ ಯಾರು ಕೇಳ್ತಾರ್ರಿ?" ಎಂದಳು ರೇಷ್ಮಾ.

ಸಂಪಾದಕರೆಲ್ಲ ಇಂಥವರಿದ್ದಿದ್ದರೆ, ಎಂದುಕೊಂಡು ಶಶಿಕಲಾ ಮೆಟ್ಟಿಲಿಳಿದು ಬಂದಳು. ಕಾರ್ಖಾನೆಯ ಕಾಲದ ಕಲ್ಲಿನ ಮೆಟ್ಟಿಲುಗಳವು. ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿದ ಬಿಸಿಲು ಮೆಟ್ಟಿಲ ಮೇಲೆ ಚೌಕಾಕಾರವಾಗಿ ಬಿದ್ದಿತ್ತು.

ಪಟ್ಟಿಯೊಂದನ್ನು ಅವಳು ಗಂಡನಿಗೂ ತಂದುಕೊಟ್ಟಳು. ಕಲ್ಮೇಶ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನಾಗಿ ಹೋದ ವರ್ಷ ನಿವೃತ್ತನಾಗಿದ್ದ. ಹೆಂಡತಿಯ ಕಥೆಗಳನ್ನು ಅವನು ಓದುತ್ತಿರಲಿಲ್ಲ. "ನೀ ಬರದಿದ್ದರಾಗ ಎಲ್ಲಾರೂ ಶಾಣ್ಯಾರ ಇರ್ತಾರ. ನನಗ ಅಂಥವರ ಗುರುತಿಲ್ಲ," ಅನ್ನುತ್ತಿದ್ದ. ಯಂತ್ರದ ಬಾಯಿಂದಲಾದರೂ ತನ್ನ ಕಥೆ ಅವನ ಕಿವಿಗೆ ಬೀಳಲಿ ಎಂಬ ಚಪಲ ಅವಳಿಗೆ. ಕಲ್ಮೇಶ ಪಟ್ಟಿ ಕಟ್ಟಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕೂತ. ಮರುದಿನವೂ ಕೂತ. ಆಮೇಲೆ ಕೂರಿಸಬೇಕಾಗಲಿಲ್ಲ, ಏಳಿಸಬೇಕಾಯಿತು.

ಒಂದು ಬೆಳಿಗ್ಗೆ ಅವಳು ಚಹಾ ಸೋಸುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು ಹೇಳಿದ: "ಇನ್ನೊಂದು ಕಪ್ ಮಾಡು. ರಾಯರು ಇಳ್ಯಾಕ್ಹತ್ಯಾರ."

ಅವಳು ನಕ್ಕಳು. ಅವನು ನಗಲಿಲ್ಲ. ಕಪ್ಪನ್ನು ಹಿತ್ತಿಲ ಬಾಗಿಲ ಹತ್ತಿರ ಇಟ್ಟು ಬಂದ. ಸಂಜೆ ಅದನ್ನು ತೊಳೆಯುವಾಗ ಅದರಲ್ಲಿ ಚಹಾ ಹಾಗೆಯೇ ಇತ್ತೆಂಬುದು ಶಶಿಕಲಾಗೆ ಕೊಂಚ ಸಮಾಧಾನ ತಂದಿತು; ತನಗೆ ಅಂಥ ಸಮಾಧಾನ ಬೇಕಾಯಿತಲ್ಲ ಎಂಬುದು ಕೊಂಚ ಕಸಿವಿಸಿಯನ್ನೂ ತಂದಿತು.

ಇನ್ನೊಂದು ದಿನ ಮಿಕ್ಸರ್ ಹಚ್ಚಿದರೆ ಓಡಿ ಬಂದು ಆರಿಸಿದ. "ಮ್ಯಾಲ ಮಲಗ್ಯಾರ. ಸ್ವಲ್ಪರ ತಿಳೀಬಾರದ?"

"ರೀ, ಮ್ಯಾಲಂದ್ರ ಎಲ್ಲಿ? ಹಂಚಿನ ಮ್ಯಾಲ?"

ಅವರ ಮನೆಗೆ ಮಾಳಿಗೆಯೇ ಇರಲಿಲ್ಲ. ಒಂದೇ ಅಂತಸ್ತು, ಹೆಂಚಿನ ಮಾಡು. ಕಲ್ಮೇಶ ಮೇಲೆ ನೋಡಿದ, ಅವಳನ್ನು ನೋಡಿದ. ತರಗತಿಯಲ್ಲಿ ದಡ್ಡ ಹುಡುಗಿಯ ಎದುರು ತಾಳ್ಮೆ ತಂದುಕೊಳ್ಳುವವನಂತೆ ಉಸಿರೆಳೆದು ಹೊರಟುಹೋದ. ಪಟ್ಟಿಯನ್ನು ಅವಳು ಆ ದಿನವೇ ಬಿಚ್ಚಿಟ್ಟಳು. ಅವನು ತಕರಾರು ಮಾಡಲಿಲ್ಲ. ಅದು ಅವನಿಗೆ ಬೇಕೂ ಇರಲಿಲ್ಲ.

ಪ್ರಯೋಗಾಲಯಕ್ಕೆ ಫೋನುಗಳು ಬರತೊಡಗಿದ್ದವು. ಯಾರೂ ದೂರುತ್ತಿರಲಿಲ್ಲ. ಹಣಮಂತರಾಯರಿಗೆ ನೆಗಡಿಯೇ, ಎರಡು ದಿನದಿಂದ ಕೆಮ್ಮು ಜಾಸ್ತಿ ಕೇಳುತ್ತಿದೆ ಎಂದು ಒಬ್ಬರು. ಮಗಳ ಮದುವೆಗೆ ಅವರನ್ನು ಕರೆಯಬೇಕು, ಹೆಸರಿನ ಮುಂದೆ ಏನೆಂದು ಬರೆಯಲಿ ಎಂದು ಇನ್ನೊಬ್ಬರು. ಮಳಗಿ ಇದನ್ನೆಲ್ಲ ಹಿಗ್ಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಹುಬ್ಬಳ್ಳಿಯ ಹೆಂಗಸೊಬ್ಬಳು ತನ್ನ ಮನೆಯ ಬಾಲ್ಕನಿಯ ಕಟಕಟೆ ಹತ್ತಿ, ಅದರಾಚೆಗಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ಅದರಾಚೆಗೆ ಮೆಟ್ಟಿಲಿರಲಿಲ್ಲ. ಜೀವ ಉಳಿಯಿತು, ಸೊಂಟ ಮುರಿಯಿತು. ಯಾಕೆ ಹತ್ತಿದೆ ಎಂದು ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ, "ಯಾಕ ದಾಟ್ತಾರ ಅಂತ ಅವರನ್ನ ಕೇಳಿ ಬರಾಕ ಹೊಂಟಿದ್ನಿ," ಎಂದಳಂತೆ.

ಆ ಮಧ್ಯಾಹ್ನ ಆಲಿಕೆಯನ್ನು ನಿಲ್ಲಿಸಿದರು. ಶಶಿಕಲಾ ನಿಯಂತ್ರಣ ಕೋಣೆಗೆ ಹೋದಾಗ ಯಂತ್ರದ ದೀಪಗಳೆಲ್ಲ ಆರಿದ್ದವು. ಪರದೆ ಮಾತ್ರ ಹೊತ್ತಿಕೊಂಡಿತ್ತು. ಕೊರಳಪಟ್ಟಿಗಳನ್ನು ಜನ ಇನ್ನೂ ಬಿಚ್ಚಿರಲಿಲ್ಲ. ಅವುಗಳ ಗೆರೆಗಳು ಬರುತ್ತಲೇ ಇದ್ದವು. ಯಾವ ಕಿವಿಗೂ ಯಾವ ಕಥೆಯೂ ಹೋಗುತ್ತಿರಲಿಲ್ಲ. ಆದರೂ ಗೆರೆಗಳು ತಲೆಯೆತ್ತಿ ಇಳಿಯುತ್ತಿದ್ದವು, ಒಂದೇ ಲಯದಲ್ಲಿ, ಎಲ್ಲವೂ ಒಟ್ಟಿಗೆ.

ರೇಷ್ಮಾಳ ಮುಖ ಬಿಳಿಚಿಕೊಂಡಿತ್ತು. "ಇದನ್ನ ಸೌಂಡ್ ಮಾಡಿ ಕೇಳಸ್ಲೇನ್ರಿ?" ಎಂದು ಗುಂಡಿ ಒತ್ತಿದಳು.

ಟಕ್. ಟಕ್. ಟಕ್. ಟಕ್. ಒಂದು ಖಾಲಿ ಜಾಗ. ಆಮೇಲೆ ಮೂರು ಸಲ ಟಕ್.

ಮತ್ತೆ ಮೊದಲಿನಿಂದ.

"ಯಂತ್ರ ನಿಂತದ," ಎಂದರು ಮಳಗಿ. ಅವರ ನಗು ಎಲ್ಲೋ ಹೋಗಿತ್ತು. "ಕೇಳೋದು ನಿಂತಿಲ್ಲ. ಮೇಡಂ, ಇದಕ್ಕ ಒಂದ ದಾರಿ. ಕಾರಣ ಹೇಳಿ ಕಥಿ ಮುಗಿಸಬೇಕು. ಯಂತ್ರದ ಕಾರಣ ಯಾವೂ ಹಿಡಿಸಿಲ್ಲ. ಬರದವರು ನೀವು. ಯಾಕ ದಾಟ್ತಾನ ಅಂವ?"

"ಗೊತ್ತಿಲ್ರಿ."

"ಗೊತ್ತಿಲ್ಲಂದ್ರ? ಏನರ ಇಟ್ಕೊಂಡ ಬರದಿರ್ತೀರಲ್ಲ?"

"ಇಲ್ರಿ. ಸುಮ್ಮನ ಬರದೆ."

ಮಳಗಿ ಮುಂದೆ ಬಾಗಿದರು. ಆ ಆತುರ ವಿಜ್ಞಾನಿಯದಾಗಿರಲಿಲ್ಲ. "ಹಂಗನಬ್ಯಾಡ್ರಿ. ನನಗೊಬ್ಬಂವಗರ ಹೇಳ್ರಿ," ಎಂದು ಅವರು ಅಂಗಿಯ ಕಾಲರಿಗೆ ಕೈ ಹಾಕಿ ಕೆರೆದುಕೊಂಡಾಗ ಒಳಗಿದ್ದ ಪಟ್ಟಿ ಕಂಡಿತು.

ಶಶಿಕಲಾ ಅಲ್ಲಿಂದ ಆಟೋ ಹಿಡಿದು ಮನೆಗೆ ಬಂದಳು.

ಮುಂಬಾಗಿಲು ತೆರೆದೇ ಇತ್ತು. ಕುರ್ಚಿ ಖಾಲಿ. ಹಿತ್ತಿಲಿನಿಂದ ಗೋಡೆಗೆ ಏನೋ ಉಜ್ಜುವ ಸದ್ದು ಬರುತ್ತಿತ್ತು. ಅವಳು ಹಿತ್ತಿಲ ಬಾಗಿಲಿಗೆ ಬಂದು ನಿಂತವಳು ಅಲ್ಲೇ ಉಳಿದಳು.

ಬಾವಿಯ ಹಿಂದಿನ ಬಿಳಿ ಗೋಡೆಯ ಮೇಲೆ ಕಲ್ಮೇಶ ಇದ್ದಿಲಿನಿಂದ ಮೆಟ್ಟಿಲು ಬರೆದಿದ್ದ. ನಲವತ್ತು ವರ್ಷ ಹುಡುಗರಿಗೆ ದೂರ ಹತ್ತಿರಗಳ ಲೆಕ್ಕ ಕಲಿಸಿದ ಕೈ. ಗೋಡೆ ಅಲ್ಲಿ ಮುಗಿದಿರಲಿಲ್ಲ. ಮೆಟ್ಟಿಲು ಅದರೊಳಗೆ ಹೋಗಿ ಮೇಲಕ್ಕೇರಿತ್ತು. ಕಲ್ಲಿನ ಅಂಚು ಸವೆದದ್ದು, ಮೂಲೆಯ ಕಸ, ಮೇಲೆ ಅರ್ಧ ತೆರೆದ ಬಾಗಿಲು ಎಲ್ಲವೂ ಇತ್ತು. ಎಷ್ಟು ಚೆನ್ನಾಗಿತ್ತೆಂದರೆ ಶಶಿಕಲಾಗೆ ಆ ಹೊತ್ತಿನಲ್ಲೂ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ಮೆಟ್ಟಿಲ ಸಾಲು ಕೆಳಗೆ ಬಂದು ಮುಟ್ಟುವುದು ಬಾವಿಯ ಬಾಯಿಗೆ. ಕಲ್ಮೇಶನ ಒಂದು ಕಾಲು ಬಾವಿಕಟ್ಟೆಯ ಮೇಲಿತ್ತು. ಕೈಯಲ್ಲಿ ಚಹಾದ ಕಪ್ಪು.

ಕೂಗಿದರೆ ಬೆಚ್ಚುತ್ತಾನೆ. ಓಡಿ ಹಿಡಿಯುವಷ್ಟು ಹತ್ತಿರ ಅವಳಿರಲಿಲ್ಲ.

"ಎಲ್ಲಿಗೆ ಹೊಂಟ್ರಿ?" ಎಂದಳು, ಸಂತೆಗೆ ಹೊರಟವನನ್ನು ಕೇಳುವಂತೆ.

"ರಾಯರು ಇಳದು ಬರವಲ್ಲರು. ಕೊಟ್ಟು ಬರ್ತೀನಿ. ಹಂಗ, ಯಾಕ ದಾಟ್ತೀರಿ ಅಂತ ಕೇಳೂದೂ ಆಗ್ತೈತಿ."

"ಅದನ್ನ ನಾ ಹೇಳ್ತೀನಲ್ಲ. ಬರದಾಕಿ ನಾನ ಅಲ್ಲೇನು?"

ಅವನು ತಿರುಗಲಿಲ್ಲ. ಆದರೆ ಇನ್ನೊಂದು ಕಾಲನ್ನು ಎತ್ತಲೂ ಇಲ್ಲ.

"ಆ ಮೆಟ್ಟಿಲು ಸೀಳೈತಿ," ಎಂದಳು ಅವಳು. "ಅದಕ್ಕ ಭಾರ ಹಾಕೂದಿಲ್ಲ."

"ಸೀಳಿಲ್ಲ. ನಾನ ಬರದೀನಿ. ಗಟ್ಟಿ ಐತಿ."

"ಹಂಗಲ್ಲ, ಅವರ ಮೊಣಕಾಲು..."

"ಸುಳ್ಳು ಹೇಳ್ಬ್ಯಾಡ ಶಶಿ. ನಿನಗ ಗೊತ್ತಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ತಾಗಿತು. ಇನ್ನೊಂದು ಕಾಲೂ ನೆಲ ಬಿಟ್ಟಿತು.

ಅವಳಲ್ಲಿ ಇನ್ನೂ ಹತ್ತು ಕಾರಣಗಳಿದ್ದವು. ನಾಲಿಗೆಯ ತುದಿಯಲ್ಲೇ ಇದ್ದವು, ಯಾವಾಗಲೂ ಇರುತ್ತಿದ್ದವು. ಒಂದೂ ಆಗುವುದಿಲ್ಲ ಎಂದು ಅವಳಿಗೆ ಮೊದಲ ಸಲ ತಿಳಿಯಿತು. ಕಾರಣ ಕಟ್ಟುವುದನ್ನು ಬಿಟ್ಟು ಅವಳು ಗೋಡೆಯನ್ನು ನೋಡಿದಳು. ಕೆಳಗಿನಿಂದ ಎಣಿಸಿದಳು. ನಾಲ್ಕನೆಯದರ ಮೇಲೆ, ಬೇರೆ ಯಾವ ಮೆಟ್ಟಿಲ ಮೇಲೂ ಇರದ ಒಂದು ಕಪ್ಪು ಛಾಯೆ ಇತ್ತು. ಇದ್ದಿಲನ್ನು ಬೆರಳಿನಿಂದ ತಿಕ್ಕಿ ಮೆತ್ತಗೆ ಮಾಡಿದ ನೆರಳು.

"ಅಲ್ಲಿ ನೆರಳ ಯಾಕ ಬರದ್ರಿ?"

"ಇತ್ತು. ಬರದೆ."

"ಯಾರದು?"

ಅವಳೇ ಹೇಳತೊಡಗಿದಳು. ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಒಂದನ್ನು ಹೇಳಿದ ಮೇಲೆ ಇನ್ನೊಂದು ಕಾಣುತ್ತಿತ್ತು, ಅಷ್ಟೆ.

"ಆ ಮೆಟ್ಟಿಲ ಮ್ಯಾಲ ಒಬ್ಬಾಕಿ ಕುಂದರತಾಳ. ಬೆಳಕಿಂಡಿಯಿಂದ ಮುಂಜಾನಿ ಬಿಸಿಲು ಅದೊಂದ ಮೆಟ್ಟಿಲ ಮ್ಯಾಲ ಬೀಳ್ತೈತಿ. ಜಳಕಾ ಮಾಡಿ, ಕೂದಲ ಬಿಟ್ಕೊಂಡು, ಆರಿಸ್ಕೋಂತ ಕುಂದರತಾಳ. ಹೂಂ ಅನ್ರಿ."

ಕಲ್ಮೇಶ ಎತ್ತಿದ ಕಾಲು ಗಾಳಿಯಲ್ಲೇ ಇತ್ತು.

"ಹೂಂ ಅನ್ರಿ. ಹೂಂ ಅನಲಿಲ್ಲಂದ್ರ ನಾ ಮುಂದ ಹೇಳೂದಿಲ್ಲ."

ಬಾವಿಯ ನೀರಿಗೆ ಏನೋ ಬಿದ್ದ ಸದ್ದಾಯಿತು. ಅವನ ಕೈಯಿಂದ ಚಹಾದ ಕಪ್ಪು ಜಾರಿತ್ತು.

"...ಹೂಂ."

"ನೌಕರಿ ಇದ್ದಾಗ ಹಣಮಂತರಾವ್ ಡ್ಯೂಟಿಗೆ ಹೋಗೂ ಹೊತ್ತಿನ್ಯಾಗ ಆಕಿ ಅಲ್ಲೇ. ಸರಿಯಂದ್ರ ಸರಿಯಾಕಿ ಅಲ್ಲ. ದಾಟಿ ಹೋಗ್ರಿ, ಉದ್ದ ಕಾಲ ಯಾತಕ್ಕದಾವು, ಅನ್ನಾಕಿ. ಅವರು ಬೈಕೋಂತ ದಾಟವರು."

"ಹೂಂ."

"ಈಗ ಆಕಿ ಇಲ್ಲ. ಅವರು ದಾಟೂದು ಬಿಟ್ಟಿಲ್ಲ."

"ಹೂಂ," ಎಂದ ಕಲ್ಮೇಶ. ಗಾಳಿಯಲ್ಲಿದ್ದ ಕಾಲು ನೆಲಕ್ಕಿಳಿಯಿತು. ಬಾವಿಕಟ್ಟೆಯ ಮೇಲಿನದೂ ಇಳಿಯಿತು. ಅವನು ತಿರುಗಿ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತ. "ಆಮ್ಯಾಲ?"

"ಆಮ್ಯಾಲ ಒಂದಿನ ಚಹಾ ಕುಡದು ಮ್ಯಾಲ ಹೋದ್ರು. ಬಾಗಲಾ ಹಾಕ್ಕೊಂಡ್ರು. ಇನ್ನ ಇಳ್ಯೂದಿಲ್ಲ. ಅವರ ಖೋಲಿ ಅವರಿಗೆ, ನಮ್ಮ ಅಂಗಳ ನಮಗ."

"ಹೂಂ," ಎಂದು ಅವನು ಕಣ್ಣೊರೆಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಗೋಡೆಯನ್ನು ನೋಡಿ, "ಇದನ್ನ ಯಾರ ಬರದಾರ? ಚಲೋ ಬರದಾರ," ಎಂದ.

ಗೋಡೆಯನ್ನು ಅವಳು ಆಗಲೇ ಕೊಡ ಕೊಡ ನೀರು ಸುರಿದು ತೊಳೆದಳು. ನಾಲ್ಕನೆಯ ಮೆಟ್ಟಿಲ ನೆರಳು ಕೊನೆಗೆ ಹೋಯಿತು.

ಮರುದಿನ ಪ್ರಯೋಗಾಲಯದ ಮೇಲಿನ ನಿಯಂತ್ರಣ ಕೋಣೆಯಲ್ಲಿ, ರೇಷ್ಮಾಳನ್ನು ಪರದೆಯ ಮುಂದೆ ಕೂರಿಸಿಕೊಂಡು, ಅದೇ ಕಥೆಯನ್ನು ಅವಳು ತನ್ನ ದನಿಯಲ್ಲೇ ಎಲ್ಲ ಕಿವಿಗಳಿಗೂ ಹೇಳಿದಳು. ಫಲಕವನ್ನು ಕೀಳಿಸಿದ್ದಳು. ಪ್ರತಿ ಮಾತಿನ ಕೊನೆಗೆ ನಿಲ್ಲುತ್ತಿದ್ದಳು. ಎಲ್ಲರೂ ಹೂಂ ಅಂದು ಗೆರೆಗಳೆಲ್ಲ ಕಲಸಿದ ಮೇಲೆಯೇ ಮುಂದಿನ ಮಾತು. ಮಳಗಿ ಮೂಲೆಯ ಸ್ಟೂಲಿನ ಮೇಲೆ ಕೂತು, ಚಿಕ್ಕ ಹುಡುಗನಂತೆ ಬಾಯಿ ತೆರೆದು, ಎಲ್ಲರಿಗಿಂತ ಗಟ್ಟಿಯಾಗಿ ಹೂಂ ಅನ್ನುತ್ತಿದ್ದರು. ಅವರ ಖೋಲಿ ಅವರಿಗೆ, ನಮ್ಮ ಅಂಗಳ ನಮಗೆ ಎಂದಾಗ ಗೆರೆಗಳು ಒಂದೊಂದಾಗಿ ಮಲಗಿದವು. ಪರದೆ ಕೆರೆಯ ನೀರಿನಂತೆ ಸಮವಾಯಿತು. ಜನ ಪಟ್ಟಿ ಬಿಚ್ಚತೊಡಗಿದರು.

"ಮುಗೀತು," ಎಂದು ಮಳಗಿ ಎದ್ದರು. ಹಳೆಯ ನಗು ಮರಳಿತ್ತು. "ಕಾರಣ ಗೊತ್ತಿಲ್ಲ ಅಂದಿದ್ರಲ್ಲ ಮೇಡಂ! ಬರೇ ನಾಟಕ ಮಾಡ್ತೀರಿ. ನಡೀರಿ, ಚಹಾ ಕುಡಿಯೋಣು."

ಮೂವರೂ ಕೆಳಗಿಳಿಯತೊಡಗಿದರು. ಮಾಡಿನ ಗಾಜಿನ ಹೆಂಚಿನಿಂದ ಬಿಸಿಲು ಇಳಿದಿತ್ತು. ಮುಂದೆ ಮಳಗಿ, ಯಾರೊಡನೆಯೋ ಫೋನಿನಲ್ಲಿ ನಗುತ್ತ. ಮೆಟ್ಟಿಲು ಮುಗಿಯಲಿಕ್ಕೆ ಬಂದಾಗ ತಮ್ಮ ಉದ್ದ ಕಾಲನ್ನು ಒಂದಿಷ್ಟು ಹೆಚ್ಚಿಗೆ ಚಾಚಿ ಇಳಿದು ಹೋದರು. ಅವರ ಹಿಂದೆ ರೇಷ್ಮಾ. ಅವಳೂ ಮೊಬೈಲು ನೋಡುತ್ತಲೇ ಚೂಡಿದಾರನ್ನು ಒಂದು ಕೈಯಲ್ಲಿ ಚೂರು ಎತ್ತಿ, ಒಂದು ಮೆಟ್ಟಿಲು ಬಿಟ್ಟು ಇಳಿದಳು. ಇಬ್ಬರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಬಾಗಿಲಾಚೆ ಹೋದರು.

ಶಶಿಕಲಾ ಮೇಲೆಯೇ ನಿಂತಳು.

ಹಣಮಂತರಾಯನನ್ನು ಅವಳು ಮೇಲೆ ಕಳಿಸಿದ್ದಳು, ಬಾಗಿಲು ಹಾಕಿಸಿದ್ದಳು. ಕಥೆ ಮುಗಿಸುವ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದಳು. ಆ ಹೆಂಗಸಿನ ಬಗ್ಗೆ ಮಾತ್ರ 'ಈಗ ಆಕಿ ಇಲ್ಲ' ಎಂದಷ್ಟೇ ಹೇಳಿದ್ದಳು. ಎಲ್ಲಿ ಹೋದಳು, ಹೇಗೆ ಹೋದಳು ಎಂದು ಹೇಳಿರಲಿಲ್ಲ. ಎದ್ದು ಹೋದಳೆಂದೂ ಹೇಳಿರಲಿಲ್ಲ. ಕಮ್ಮಟದ ಯಾವ ಹುಡುಗ ಹೀಗೆ ಬರೆದು ತಂದಿದ್ದರೂ ಅವಳು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದಳು. ಅಷ್ಟೊಂದು ಜನರಿಂದ ಗಟ್ಟಿಯಾಗಿ ಹೂಂ ಅನ್ನಿಸಿ ಒಬ್ಬಳನ್ನು ಮೆಟ್ಟಿಲ ಮೇಲೆ ಕೂರಿಸಿದವಳು, ಅವಳನ್ನು ಎಬ್ಬಿಸುವುದನ್ನು ಮರೆತಿದ್ದಳು.

ಅವಳು ಇಳಿದಳು. ನಿಧಾನವಾಗಿ, ಗೋಡೆ ಹಿಡಿದು. ಬಿಸಿಲಿನ ಚೌಕ ಬಿದ್ದಿದ್ದುದು ಒಂದೇ ಮೆಟ್ಟಿಲ ಮೇಲೆ. ಕೆಳಗಿನಿಂದ ಎಣಿಸುವುದು ಬೇಡವೆಂದುಕೊಂಡಳು; ಕಣ್ಣು ಎಣಿಸಿಬಿಟ್ಟಿತ್ತು. ಒಣ ಕಲ್ಲಿನ ಮೇಲೆ, ಬಿಸಿಲಿನ ನಡುವೆ, ನೀರಿನ ಹನಿಗಳಿದ್ದವು. ಅವಳು ನೋಡುತ್ತಿದ್ದಂತೆಯೇ ಇನ್ನೊಂದು ಹನಿ ಬಿತ್ತು. ಸೀಗೆಕಾಯಿಯ ವಾಸನೆ ಬಂತು.

ಕಲ್ಲಿನ ಗಂಟಲು ಎಂದು ಯಂತ್ರ ಹೇಳಿದ್ದ ಗಂಟಲಿನಲ್ಲಿ ಸಣ್ಣದೊಂದು ಸ್ನಾಯು ಬಿಗಿಯಿತು.

ದಾಟಿ ಹೋಗಬಹುದಿತ್ತು. ಅವರಿಬ್ಬರೂ ದಾಟಿದ್ದರು, ಇನ್ನು ಮೇಲೆ ಈ ಊರಿನಲ್ಲಿ ಎಷ್ಟು ಜನ ಎಷ್ಟು ಮೆಟ್ಟಿಲುಗಳನ್ನು ಹೀಗೆ ದಾಟುತ್ತಾರೋ. ಶಶಿಕಲಾ ದಾಟಲಿಲ್ಲ. ಸೀರೆಯ ನೆರಿಗೆ ಒಟ್ಟುಮಾಡಿಕೊಂಡು ಅದರ ಮೇಲಿನ ಮೆಟ್ಟಿಲ ಮೇಲೆ ಕೂತಳು, ಯಾರದೋ ಬೆನ್ನ ಹಿಂದೆ ಕೂತು ತಲೆ ಬಾಚಲು ಹೊರಟವಳಂತೆ. ಯಾವ ಉಪಾಯವೂ ಅವಳ ತಲೆಯಲ್ಲಿರಲಿಲ್ಲ. ಎರಡನೆಯ ಮಾತು ಏನೆಂದು ಗೊತ್ತಿರಲಿಲ್ಲ. ಮೊದಲನೆಯದನ್ನು ಹೇಳಿದಳು:

"ಒಂದೂರಾಗ ಒಬ್ಬಾಕಿ ಇದ್ಲು."

ಕೆಳಗಿನ ಮೆಟ್ಟಿಲಿನಿಂದ, ಬಿಸಿಲಿಗೆ ಮೈ ಬಿಟ್ಟು ಕೂತವರ ಆರಾಮದ ದನಿಯಲ್ಲಿ, ಉತ್ತರ ಬಂತು:

"ಹೂಂ."